ಹಳೇ ಲಾನ್ ಮೋವರ್ ಸಂಗ್ರಹ ಮತ್ತು ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಮನೆ ತಗೊಂಡ ಕನ್ನಡದವರಿಗೆ ಮನೆ ಜೊತೆ ಒಂದು ಹಿತ್ತಲು, ಹಿತ್ತಲಿಗೊಂದು ಶೆಡ್, ಶೆಡ್ಡಿನ ಮೂಲೆಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ತುಕ್ಕು ಹಿಡಿದ ಮೋವರ್, ಇವು ಮೂರೂ ಎಷ್ಟೋ ಸಲ ಒಟ್ಟಿಗೇ ಸಿಗುತ್ತವೆ. ಗುಜರಿಗೆ ಹಾಕೋದಾ, ಇಟ್ಟುಕೊಳ್ಳೋದಾ ಅಂತ ಕೇಳುವವರು ತುಂಬ ಜನ. ಅವರಿಗೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಆಸೆಗೆ ಮಾಡುವವನು. ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ಹಳೇ ಮೋವರ್ ಹೊಳೆಯದಿದ್ದರೂ ಪರವಾಗಿಲ್ಲ, ಹುಲ್ಲು ಕತ್ತರಿಸಬೇಕು.

ಹುಲ್ಲು ಕತ್ತರಿಸೋ ಮಷೀನನ್ನೂ ಯಾರಾದರೂ ಸಂಗ್ರಹ ಮಾಡುತ್ತಾರಾ?

ಮಾಡುತ್ತಾರೆ ಸ್ವಾಮಿ. ಬ್ರಿಟನ್ನಿನಲ್ಲಿ ಇದಕ್ಕೆಂದೇ 1990ರಲ್ಲಿ ಓಲ್ಡ್ ಲಾನ್‌ಮೋವರ್ ಕ್ಲಬ್ ಶುರುವಾಯಿತು. ಸೌತ್‌ಪೋರ್ಟ್‌ನಲ್ಲಿ ಬ್ರಿಟಿಷ್ ಲಾನ್‌ಮೋವರ್ ಮ್ಯೂಸಿಯಂ ಇದೆ. ಅಲ್ಲಿ ಹಳೇ ಮೋವರ್‌ಗಳ ಜೊತೆ ದೊಡ್ಡವರ ಮನೆಯ ಮೋವರ್‌ಗಳನ್ನೂ ಇಟ್ಟಿದ್ದಾರೆ. ಚಾರ್ಲ್ಸ್ ಮತ್ತು ಡಯಾನಾ ಅವರದ್ದು, ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಅವರದ್ದು, ಹೀಗೆ. ಇನ್ನು 1973ರಿಂದ ಮೋವರ್ ರೇಸ್ ಕೂಡ ನಡೆಯುತ್ತಿದೆ, ವೆಸ್ಟ್ ಸಸೆಕ್ಸ್‌ನ ವಿಸ್ಬರೋ ಗ್ರೀನ್ ಹಳ್ಳಿಯಲ್ಲಿ ಶುರುವಾಗಿದ್ದು. ಬ್ಲೇಡ್ ಬಿಚ್ಚಿಟ್ಟು ಓಡಿಸುತ್ತಾರೆ. ಅದು ಬೇರೆಯೇ ಹುಚ್ಚು, ಇಲ್ಲಿ ಅದರ ಮಾತು ಬೇಡ.

ಹಳೇ ಕಾರಿನ ಹುಚ್ಚು ಹಿಡಿದರೆ ಮನೆ ಮಾರಬೇಕಾಗುತ್ತದೆ. ಇದಕ್ಕೆ ಅಷ್ಟು ದುಡ್ಡು ಬೇಡ, ಅಷ್ಟು ಜಾಗವೂ ಬೇಡ. ಮೇಲಾಗಿ ಎಲ್ಲ ಭಾಗಗಳೂ ಕಣ್ಣಿಗೆ ಕಾಣುತ್ತವೆ. ಯಾವುದು ಯಾವುದನ್ನು ತಿರುಗಿಸುತ್ತದೆ ಅಂತ ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು.

ಮೋವರ್ ಹುಟ್ಟಿದ್ದು ಎಲ್ಲಿ?

ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಊರಿನ ಹತ್ತಿರ ಥ್ರಪ್ ಅಂತ ಒಂದು ಹಳ್ಳಿ. ಸುತ್ತಲೂ ಉಣ್ಣೆ ಬಟ್ಟೆಯ ಗಿರಣಿಗಳು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ನೂಲಿನ ಜುಂಗನ್ನು ಸಮವಾಗಿ ಕತ್ತರಿಸೋಕೆ ಆ ಗಿರಣಿಗಳಲ್ಲಿ ಸುರುಳಿ ಬ್ಲೇಡಿನ ಯಂತ್ರ ಇತ್ತು. ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಅನ್ನೋ ಮೆಕ್ಯಾನಿಕ್‌ಗೆ, ಇದನ್ನೇ ನೆಲದ ಮೇಲೆ ಉರುಳಿಸಿದರೆ ಹುಲ್ಲನ್ನೂ ಕತ್ತರಿಸಬಹುದಲ್ಲ ಅಂತ ಹೊಳೆಯಿತು. 1830ರ ಆಗಸ್ಟ್ 31ಕ್ಕೆ ಪೇಟೆಂಟ್ ಆಯಿತು. ದುಡ್ಡು ಹಾಕಿ ಮೋವರ್ ಮಾಡಿಸಿದವನು ಅಲ್ಲೇ ಫೌಂಡ್ರಿ ನಡೆಸುತ್ತಿದ್ದ ಜಾನ್ ಫೆರಾಬೀ.

ಆ ಮೊದಲ ಮೋವರ್ 19 ಇಂಚು ಅಗಲ, ಮೈಯೆಲ್ಲ ಕಬ್ಬಿಣ. ತಳ್ಳಿದಾಗ ಹಿಂದಿನ ರೋಲರ್ ಉರುಳುತ್ತದೆ, ಅದರ ಹಲ್ಲುಚಕ್ರಗಳು ಮುಂದಿನ ಸಿಲಿಂಡರನ್ನು, ಅಂದರೆ ಸುರುಳಿ ಬ್ಲೇಡುಗಳ ಉರುಳೆಯನ್ನು, ಜೋರಾಗಿ ತಿರುಗಿಸುತ್ತವೆ, ಕತ್ತರಿಸಿದ ಹುಲ್ಲು ಮುಂದಿರುವ ತಟ್ಟೆಗೆ ಹಾರಿ ಬೀಳುತ್ತದೆ. ಇವತ್ತಿನ ಸಿಲಿಂಡರ್ ಮೋವರ್ ಒಳಗೂ ನಡೆಯೋದು ಇಷ್ಟೇ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಜೂ ಮೊದಮೊದಲ ಗಿರಾಕಿಗಳಲ್ಲೊಂದು. ಸ್ಕ್ರೂ ತಿರುಗಿಸಿ ಬಾಯಿ ಹಿಗ್ಗಿಸುವ ಸ್ಪ್ಯಾನರ್ ಮಾಡಿದ್ದೂ ಇದೇ ಬಡ್ಡಿಂಗ್. 1846ರಲ್ಲಿ ತೀರಿಕೊಂಡ. ದೊಡ್ಡ ಶ್ರೀಮಂತನೇನೂ ಆಗಲಿಲ್ಲ.

ಅದಕ್ಕೆ ಮುಂಚೆ ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು, ಇಲ್ಲಾಂದ್ರೆ ಕುರಿಗಳು. ಕ್ರಿಕೆಟ್ಟಿನ ಲಾರ್ಡ್ಸ್ ಮೈದಾನದಲ್ಲೂ ಒಂದು ಕಾಲಕ್ಕೆ ಕುರಿ ಮೇಯಿಸಿಯೇ ಹುಲ್ಲು ತಗ್ಗಿಸುತ್ತಿದ್ದರು. ಮೋವರ್ ಬಂದ ಮೇಲೆ ಮಧ್ಯಮ ವರ್ಗದ ಮನೆಗೂ ಲಾನ್ ಬಂತು, ಲಾನ್ ಟೆನಿಸ್ಸಿಗೆ ಬೇಕಾದ ನುಣುಪಾದ ಅಂಗಳವೂ ಬಂತು.

ಯಾವ್ಯಾವ ಕಂಪನಿ ಹೆಸರು ಗೊತ್ತಿರಬೇಕು?

ಇಪ್ಸ್‌ವಿಚ್‌ನ ರಾನ್ಸಮ್ಸ್ ಮೊದಲು. ನೇಗಿಲು ಮಾಡುತ್ತಿದ್ದ ಕಂಪನಿ. 1832ರಲ್ಲಿ ಬಡ್ಡಿಂಗ್ ಪೇಟೆಂಟಿನ ಲೈಸೆನ್ಸ್ ತಗೊಂಡು ಮೋವರ್ ಮಾಡೋಕೆ ಶುರು ಮಾಡಿತು. 1902ರಲ್ಲಿ ಪೆಟ್ರೋಲ್ ಮೋವರನ್ನು ಮೊದಲು ಮಾರುಕಟ್ಟೆಗೆ ತಂದಿದ್ದೂ ಇವರೇ. ಸ್ಕಾಟ್‌ಲೆಂಡಿನ ಆರ್ಬ್ರೋತ್‌ನ ಶ್ಯಾಂಕ್ಸ್ 1842ರಿಂದ ಪೋನಿ, ಅಂದರೆ ಗಿಡ್ಡ ಜಾತಿಯ ಕುದುರೆ ಎಳೆಯುವ ಮೋವರ್ ಮಾಡಿತು. ಆ ಕುದುರೆಗಳ ಕಾಲಿಗೆ ಚರ್ಮದ ಬೂಟು ಹಾಕುತ್ತಿದ್ದರು, ಗೊರಸಿನ ಗುರುತು ಲಾನ್ ಮೇಲೆ ಬೀಳಬಾರದಲ್ಲ. ಬೂಟಿನ ಜೊತೆ ಸಿಕ್ಕರೆ ನಿಮ್ಮ ಅದೃಷ್ಟ. ಲೀಡ್ಸ್‌ನ ಥಾಮಸ್ ಗ್ರೀನ್ 1859ರಲ್ಲಿ ಹಲ್ಲುಚಕ್ರದ ಬದಲು ಚೈನ್ ಹಾಕಿ ಸದ್ದು ಕಡಿಮೆ ಮಾಡಿದ. ಆ ಮಾಡೆಲ್ ಹೆಸರು ಸೈಲೆನ್ಸ್ ಮೆಸರ್, ದಶಕಗಟ್ಟಲೆ ಮಾರಾಟವಾಯಿತು.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಬರ್ಮಿಂಗ್‌ಹ್ಯಾಮ್‌ನ ಆಟ್ಕೊ. 1921ರಲ್ಲಿ 22 ಇಂಚಿನ ಪೆಟ್ರೋಲ್ ಮೋವರಿನಿಂದ ಶುರು. ಡರ್ಬಿಯ ಕ್ವಾಲ್‌ಕಾಸ್ಟ್, ಸ್ಟೋಮಾರ್ಕೆಟ್‌ನ ಸಫೋಕ್, ಗಿಲ್ಡ್‌ಫರ್ಡ್‌ನ ಡೆನಿಸ್, ಲೆಸ್ಟರ್‌ನ ಜೆಪಿ, ಆಮೇಲೆ ವೆಬ್. ಶೆಡ್ಡಿನಲ್ಲಿ ಸಿಗೋದು ಹತ್ತಕ್ಕೆ ಎಂಟು ಸಲ ಇವುಗಳಲ್ಲೇ ಒಂದು.

ಒಂದು ಅಡ್ಡಮಾತು. ಲ್ಯಾಂಕಶೈರಿನ ಲೇಲೆಂಡ್ ಊರಿನ ಜೇಮ್ಸ್ ಸಮ್ನರ್ ಅನ್ನೋನು 1893ರಲ್ಲಿ ಉಗಿಯಿಂದ ಓಡುವ ಮೋವರಿಗೆ ಪೇಟೆಂಟ್ ಪಡೆದ. ಒಂದೂವರೆ ಟನ್ ತೂಕ, ಯಾರಿಗೆ ಬೇಕು ಹೇಳಿ! ಆದರೆ ಅದೇ ಕಂಪನಿ ಲಾರಿ ಮಾಡೋಕೆ ಹೊರಟು ಮುಂದೆ ಲೇಲೆಂಡ್ ಮೋಟಾರ್ಸ್ ಆಯಿತು. ನಮ್ಮ ಸರ್ಕಾರಿ ಬಸ್ಸಿನ ಮೂತಿಯ ಮೇಲೆ ಅಶೋಕ್ ಪಕ್ಕ ಕೂತಿರೋ ಲೇಲೆಂಡ್ ಇದೇ.

ಆಸ್ಟ್ರೇಲಿಯಾದಲ್ಲಿರುವವರು ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ಕಡೆ ವಿಕ್ಟಾ ಹುಡುಕಿ. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ಗ್ಯಾರೇಜಿನಲ್ಲಿ ಮಾಡಿದ್ದು. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕ್ ಆಗಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ಈ ಮೋವರ್‌ಗಳು ಕುಣಿದಿದ್ದವು.

ಮೊದಲ ಮೋವರ್ ಯಾವುದು ತಗೊಳ್ಳಲಿ?

ಕೈಯಲ್ಲಿ ತಳ್ಳುವ ಕ್ವಾಲ್‌ಕಾಸ್ಟ್. ಎರಡನೇ ಮಹಾಯುದ್ಧದ ನಂತರದ್ದು, 12 ಇಂಚು. ಇಂಜಿನ್ ಇಲ್ಲ, ತಲೆನೋವಿಲ್ಲ, ಒಬ್ಬರೇ ಎತ್ತಬಹುದು. ಇದರಲ್ಲಿ ಎರಡು ಜಾತಿ. ಎರಡೂ ಬದಿಗೆ ದೊಡ್ಡ ಗಾಲಿ ಇರೋದು ಒಂದು, ಹಿಂದೆ ಅಗಲವಾದ ರೋಲರ್ ಇರೋದು ಇನ್ನೊಂದು. ಗಾಲಿಯದ್ದು ಹಗುರ, ಸ್ವಲ್ಪ ಎತ್ತರದ ಹುಲ್ಲನ್ನೂ ತಡೆದುಕೊಳ್ಳುತ್ತದೆ. ಆದರೆ ಲಾನಿನ ಅಂಚಿಗೆ ಹೋದರೆ ಒಂದು ಗಾಲಿ ಹೂವಿನ ಪಾತಿಗೆ ಇಳಿದು ಕೈಕೊಡುತ್ತದೆ. ರೋಲರಿನದು ಅಂಚಿನವರೆಗೂ ಹೋಗುತ್ತದೆ, ಲಾನ್ ಮೇಲೆ ತಿಳಿ-ಗಾಢ ಪಟ್ಟೆಯನ್ನೂ ಮೂಡಿಸುತ್ತದೆ.

ಯಾವಾಗಲೂ ರಾನ್ಸಮ್ಸ್ ಸರ್ಟಿಸ್ ಹೆಸರು ಹೇಳುವವರು ಸಿಗುತ್ತಾರೆ. ನುಣುಪಾದ ಹುಲ್ಲಿಗೆಂದೇ ಮಾಡಿದ, ಜಾಸ್ತಿ ಬ್ಲೇಡಿನ ಕೈ ಮೋವರ್. ಚೆನ್ನಾಗಿದೆ, ನಿಜ. ಆದರೆ ಮೊದಲಿಗೇ ಅದು ಬೇಡ. ಕಲಿಯೋದು ಕಲಿತು ಆಮೇಲೆ ತಗೊಳ್ಳಿ.

ಎಲ್ಲಿ ಸಿಗುತ್ತದೆ? ಎಷ್ಟು ಕೊಡಬೇಕು?

ಭಾನುವಾರದ ಕಾರ್ ಬೂಟ್ ಸೇಲ್ (ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಸಂತೆ), ಹಳ್ಳಿ ಕಡೆಯ ಹರಾಜು, ಆನ್‌ಲೈನ್, ಮತ್ತು ಪಕ್ಕದ ಮನೆ ಅಜ್ಜನ ಶೆಡ್. ಕೊನೆಯದೇ ಒಳ್ಳೆಯ ಜಾಗ. ಮಾಮೂಲಿ ಕೈ ಮೋವರ್ ಹತ್ತಿಪ್ಪತ್ತು ಪೌಂಡಿಗೆ ಸಿಗಬೇಕು, ಎಷ್ಟೋ ಸಲ ಎತ್ತಿಕೊಂಡು ಹೋದರೆ ಸಾಕು ಅಂತ ಪುಕ್ಕಟೆ ಕೊಡುತ್ತಾರೆ. "ಅಪರೂಪದ ವಿಕ್ಟೋರಿಯನ್" ಅಂತ ಬರೆದು ನೂರಾರು ಪೌಂಡ್ ಕೇಳಿದರೆ ಸುಮ್ನೆ ಮುಂದೆ ಹೋಗಿ. ಅದು 1950ರ ದಶಕದ್ದೇ ಆಗಿರೋ ಸಾಧ್ಯತೆ ಜಾಸ್ತಿ. ನಿಜವಾದ ಫೆರಾಬೀ ಕಾಲದ ಮೋವರ್ ಈಗ ಹೆಚ್ಚಾಗಿ ಮ್ಯೂಸಿಯಂಗಳಲ್ಲೇ ಇದೆ. ನಿಮ್ಮ ಕಣ್ಣಿಗೆ ಬೀಳೋದು ಕಷ್ಟ.

ಕೊಳ್ಳುವ ಮುಂಚೆ ಏನು ನೋಡಬೇಕು?

ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಪಕ್ಕದ ಚೌಕಟ್ಟುಗಳು ಎರಕದ ಕಬ್ಬಿಣ, ಅಂದರೆ ಬೀಡು. ಬೀಡು ಬಾಗೋದಿಲ್ಲ, ಒಡೆಯುತ್ತದೆ. ಯಾರೋ ಕೆಳಗೆ ಬೀಳಿಸಿರುತ್ತಾರೆ, ಬಿರುಕು ಬಣ್ಣದ ಕೆಳಗೆ ಕೂದಲೆಳೆಯಷ್ಟು ಸಣ್ಣಗೆ ಅಡಗಿರುತ್ತದೆ. ಬೋಲ್ಟ್ ಕೂರುವ ಕಿವಿಗಳ ಸುತ್ತ ಬೆರಳಾಡಿಸಿ. ಒಡೆದ ಬೀಡನ್ನು ಹಿತ್ತಾಳೆ ಬೆಸುಗೆಯಲ್ಲೋ ನಿಕ್ಕಲ್ ರಾಡಿನಲ್ಲೋ ಕೂಡಿಸಬಹುದು. ಗೊತ್ತಿರುವವರೇ ಮಾಡಬೇಕು, ಮೋವರಿಗೆ ಕೊಟ್ಟಿದ್ದಕ್ಕಿಂತ ಅದರ ಕೂಲಿಯೇ ಜಾಸ್ತಿ ಆಗುತ್ತದೆ.

ಆಮೇಲೆ ಸಿಲಿಂಡರ್ ಬ್ಲೇಡಿನ ಅಂಚು ನೋಡಿ. ಸಾಣೆ ಹಿಡಿದೂ ಹಿಡಿದೂ ಬ್ಲೇಡ್ ತೀರಾ ಸಣ್ಣದಾಗಿದ್ದರೆ ಬಿಟ್ಟುಬಿಡಿ. ಕಲ್ಲಿಗೆ ಬಡಿದು ಒಂದೆರಡು ಕಡೆ ನಗ್ಗಿದ್ದರೆ ಪರವಾಗಿಲ್ಲ. ಹುಲ್ಲು ತುಂಬುವ ಬುಟ್ಟಿ ಜೊತೆಗೇ ಇದ್ದರೆ ಬಿಡಬೇಡಿ. ಮೋವರ್ ಸಿಗುತ್ತದೆ, ಅದರದೇ ಬುಟ್ಟಿ ಸಿಗೋದಿಲ್ಲ.

ಎಷ್ಟು ಹಳೇದು ಅಂತ ಹೇಗೆ ತಿಳಿಯೋದು?

ಚೌಕಟ್ಟಿನ ಮೇಲೆ ಎರಕದಲ್ಲೇ ಮೂಡಿಸಿದ ಹೆಸರು, ನಂಬರು ಇರುತ್ತದೆ. ವೈರ್ ಬ್ರಶ್ ಹಾಕೋಕೆ ಮುಂಚೆ ಫೋಟೊ ತೆಗೆಯಿರಿ. ಬ್ರಿಟಿಷ್ ಪೇಟೆಂಟ್ ನಂಬರುಗಳು 1916ಕ್ಕೆ ಮುಂಚೆ ಪ್ರತಿ ವರ್ಷ ಒಂದರಿಂದ ಶುರುವಾಗುತ್ತಿದ್ದವು. 1916ರಿಂದ 100001 ಅಂತ ಒಂದೇ ಸಾಲಿನಲ್ಲಿ ಓಡುತ್ತವೆ. ಹಾಗಾಗಿ ಆರಂಕಿಯ ಪೇಟೆಂಟ್ ನಂಬರ್ ಇದ್ದರೆ ನಿಮ್ಮ ಮೋವರ್ 1916ಕ್ಕಿಂತ ಹಳೇದಾಗಿರೋಕೆ ಸಾಧ್ಯವಿಲ್ಲ, ಮಾರುವವರು ಏನೇ ಹೇಳಲಿ. ನಂಬರ್ ಪೇಟೆಂಟಿನ ವರ್ಷ ಹೇಳುತ್ತದೆ, ಮೋವರ್ ಮಾಡಿದ ವರ್ಷ ಅಲ್ಲ ಅನ್ನೋದು ಮರೀಬೇಡಿ. ಒಂದೇ ಮಾಡೆಲ್ ಮೂವತ್ತು ವರ್ಷ ಮಾಡಿದ ಕಂಪನಿಗಳಿವೆ. ಅಂಟಿಸಿದ ಹೆಸರಿನ ಚಿತ್ರ, ಹಿಡಿಯ ಆಕಾರ, ಹಳೇ ಕ್ಯಾಟಲಾಗು, ಇವನ್ನು ಜೋಡಿಸಿಕೊಂಡು ಒಂದು ಅಂದಾಜಿಗೆ ಬರಬೇಕು.

ನಟ್ಟು ಜಪ್ಪಯ್ಯ ಅಂದರೂ ಬಿಡ್ತಾ ಇಲ್ಲ, ಸ್ಪ್ಯಾನರೂ ಕೂರ್ತಾ ಇಲ್ಲ. ಏನು ಮಾಡಲಿ?

ಸ್ಪ್ಯಾನರ್ ಕೂರದಿದ್ದರೆ ತಪ್ಪು ಸ್ಪ್ಯಾನರಿನದು. ಹಳೇ ಬ್ರಿಟಿಷ್ ಮೋವರಿನಲ್ಲಿ ಇರೋದು ವಿಟ್‌ವರ್ಥ್ ಬೋಲ್ಟುಗಳು. 1841ರಲ್ಲಿ ಜೋಸೆಫ್ ವಿಟ್‌ವರ್ಥ್ ಹಾಕಿಕೊಟ್ಟ ಅಳತೆ, ಥ್ರೆಡ್ಡಿನ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ ಬೋಲ್ಟಿನದು 60. ವಿಟ್‌ವರ್ಥ್ ಸ್ಪ್ಯಾನರಿನ ಮೇಲೆ ಬರೆದಿರುವ ಅಳತೆ ಬೋಲ್ಟಿನ ದಪ್ಪದ್ದು, ನಟ್ಟಿನ ಅಗಲದ್ದಲ್ಲ. ಅದಕ್ಕೇ ಕಾಲಿಂಚು ಅಂತ ಬರೆದಿರೋ ಸ್ಪ್ಯಾನರಿನ ಬಾಯಿ ಅರ್ಧ ಇಂಚಿಗಿಂತ ದೊಡ್ಡದಾಗಿ ಕಾಣುತ್ತದೆ. ಹಳೇ ಸ್ಪ್ಯಾನರ್ ಸೆಟ್ ಒಂದನ್ನು ಕಾರ್ ಬೂಟ್ ಸೇಲಿನಲ್ಲೇ ತಗೊಳ್ಳಿ. ಕಟಿಂಗ್ ಪ್ಲೇಯರ್ ಹಿಡಿದು ನಟ್ಟಿನ ಮೂಲೆ ಸವೆಸಿದರೆ ಆಮೇಲೆ ದೇವರೇ ಗತಿ.

ಬಿಡದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿ ಬಿಟ್ಟು, ಮತ್ತೆ ಹಾಕಿ, ಮತ್ತೆ ಬಿಡಿ. ಅವಸರ ಮಾಡಬೇಡಿ. ಆಮೇಲೂ ಬರದಿದ್ದರೆ ನಟ್ಟನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಿ. ನಟ್ಟು ಹಿಗ್ಗುತ್ತದೆ, ಒಳಗಿನ ತುಕ್ಕಿನ ಹಿಡಿತ ತಪ್ಪುತ್ತದೆ. ಕಾಯಿಸೋಕೆ ಮುಂಚೆ ಎಣ್ಣೆ ಒರೆಸಿ, ಪೆಟ್ರೋಲ್ ಟ್ಯಾಂಕ್ ದೂರ ಇಡಿ. ಬೀಡಿನ ಭಾಗಕ್ಕೆ ಸುತ್ತಿಗೆಯಿಂದ ಮಾತ್ರ ಹೊಡೀಬೇಡಿ.

ಬಿಚ್ಚುವಾಗ ಇನ್ನೊಂದು. ಗಾಲಿಯ ಒಳಗೆ ಸಣ್ಣ ಹಲ್ಲುಚಕ್ರವೂ ಅದರ ಜೊತೆ ಒಂದು ಪುಟ್ಟ ಕೀಲಿಯೂ ಇರುತ್ತದೆ. ಮುಂದೆ ತಳ್ಳಿದಾಗ ಸಿಲಿಂಡರ್ ತಿರುಗಿಸಿ, ಹಿಂದೆ ಎಳೆದಾಗ ಸುಮ್ಮನಿರುವುದು ಈ ಕೀಲಿಯ ಕೆಲಸ. ಎಡದ್ದು ಬಲದ್ದು ಅದಲುಬದಲಾದರೆ ಮೋವರ್ ಹಿಂದೆ ಎಳೆದಾಗ ಮಾತ್ರ ತಿರುಗುತ್ತದೆ. ಎರಡು ಬೇರೆ ಡಬ್ಬದಲ್ಲಿ ಹಾಕಿ, ಎಡ ಬಲ ಅಂತ ಬರೆದಿಡಿ.

ತುಕ್ಕು ತೆಗೆಯೋಕೆ ಯಾವ ದಾರಿ ಒಳ್ಳೆಯದು?

ಎಲ್ಲರೂ ಮೊದಲು ಕೇಳೋದು ಇದನ್ನೇ. ಸಣ್ಣ ತುಕ್ಕಿಗೆ ವೈರ್ ಬ್ರಶ್, ಸೀಮೆಎಣ್ಣೆ, ಎಮರಿ ಪೇಪರ್ ಸಾಕು. ದಪ್ಪನೆಯ ತುಕ್ಕಿಗೆ ಎರಡು ದಾರಿ ಇದೆ.

ಒಂದು ಕರೆಂಟಿನದು. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ನಾಲ್ಕೈದು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ತುಕ್ಕಿನ ಭಾಗವನ್ನು ಮುಳುಗಿಸಿ 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ಅದಕ್ಕೆ, ಪ್ಲಸ್ ತಂತಿ ಒಂದು ಹಳೇ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸಣ್ಣ ಗುಳ್ಳೆಗಳು ಏಳುತ್ತವೆ, ನೀರು ಕೆಂಪಗೆ ಕೊಳಕಾಗುತ್ತದೆ, ಮಾರನೇ ದಿನ ತುಕ್ಕು ಕಪ್ಪು ಮಸಿಯಾಗಿ ಬ್ರಶ್ಶಿಗೆ ಉದುರುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಆ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಅದಕ್ಕೇ ಹೊರಗೆ ಗಾಳಿಯಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ. ತಂತಿ ಮುಟ್ಟೋಕೆ ಮುಂಚೆ ಸ್ವಿಚ್ ಆಫ್. ಅಲ್ಯುಮಿನಿಯಂ ಭಾಗವನ್ನೂ ಸ್ಪ್ರಿಂಗನ್ನೂ ಇದರಲ್ಲಿ ಹಾಕಬೇಡಿ. ಮೊದಲನೆಯದು ಕರಗುತ್ತದೆ, ಎರಡನೆಯದು ಪೆಡಸಾಗಿ ಮುರಿಯುತ್ತದೆ.

ಇನ್ನೊಂದು ಕಾಕಂಬಿ. ಹೌದು, ಸಕ್ಕರೆ ಕಾರ್ಖಾನೆಯ ಕಾಕಂಬಿಯೇ. ಇಲ್ಲಿ ಕುದುರೆ ಮೇವು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಪಾಲಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ತುಕ್ಕಿನ ಭಾಗ ಮುಳುಗಿಸಿಟ್ಟು ಮರೆತುಬಿಡಿ. ಎರಡು ವಾರವೋ ಮೂರು ವಾರವೋ ಬೇಕು. ಒಳ್ಳೇ ಕಬ್ಬಿಣವನ್ನು ಹೆಚ್ಚು ಕೆಣಕದೆ ತುಕ್ಕನ್ನು ಮಾತ್ರ ಬಿಡಿಸುತ್ತದೆ, ಕರೆಂಟ್ ತಲುಪದ ಸಂದಿಗೂ ಹೋಗುತ್ತದೆ. ವಾಸನೆ ಮಾತ್ರ ಮಂಡ್ಯ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಪಕ್ಕದ ಮನೆಯವರಿಗೆ ವಿವರಿಸಬೇಕಾಗುತ್ತದೆ. ಇದರಲ್ಲೂ ಅಲ್ಯುಮಿನಿಯಂ, ಸತುವು ಬೇಡ.

ನನಗೆ ಕಾಕಂಬಿಯೇ ಇಷ್ಟ. ಯಾವುದೇ ದಾರಿಯಾದರೂ ಆಚೆ ತೆಗೆದ ಕೂಡಲೇ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಅರ್ಧ ಗಂಟೆ ತಡ ಮಾಡಿದರೂ ಕಿತ್ತಳೆ ಬಣ್ಣ ಮತ್ತೆ ಹತ್ತಿಕೊಳ್ಳುತ್ತದೆ. ಹಿತ್ತಾಳೆ ಪಟ್ಟಿಗೆ, ಮುಚ್ಚಳಕ್ಕೆ ನಮ್ಮ ಹುಣಸೆಹಣ್ಣೇ ಸಾಕು. ಆದರೆ ಅಕ್ಷರಗಳ ಒಳಗೆ ಬಣ್ಣ ತುಂಬಿದ ಹಿತ್ತಾಳೆ ಪಟ್ಟಿಯನ್ನು ಉಜ್ಜಬೇಡಿ, ಬಣ್ಣ ಎದ್ದುಬಂದರೆ ಹೋಯಿತು.

ಹೊಸ ಪೇಂಟ್ ಹೊಡೀಬೇಕಾ?

ಸಾಧ್ಯವಾದರೆ ಬೇಡ. ಹಳೇ ಬಣ್ಣ ಅರ್ಧ ಉಳಿದಿದ್ದರೂ ಬಿಟ್ಟುಬಿಡಿ. ಆ ಹಸಿರು, ಅದರ ಮೇಲಿನ ಚಿನ್ನದ ಬಣ್ಣದ ಗೆರೆ, ಅಂಟಿಸಿದ ಹೆಸರು, ಇವು ಒಮ್ಮೆ ಹೋದರೆ ಹೋದವೇ. ಕೆಲವರು ಎಲ್ಲವನ್ನೂ ಬಿಳಿಯ ಲೋಹದವರೆಗೆ ಕೆರೆದು ಕಾರಿನ ಹೊಳೆಯುವ ಪೇಂಟ್ ಹೊಡೆದು ಫೋಟೊ ಹಾಕುತ್ತಾರೆ. ನೋಡೋಕೆ ಚೆಂದ. ಆದರೆ ಯಾವ ಕಾರ್ಖಾನೆಯಲ್ಲೂ ಅಂಥ ಮೋವರ್ ತಯಾರಾಗಿರಲಿಲ್ಲ. ಸೋಪು ನೀರಲ್ಲಿ ಮೆತ್ತಗೆ ತೊಳೆದು, ಒಣಗಿಸಿ, ತೆಳುವಾಗಿ ಮೇಣ ಹಚ್ಚಿದರೆ ಹಳೇ ಬಣ್ಣ ಎಷ್ಟು ಮೇಲೆ ಬರುತ್ತದೆ ಅಂತ ನೀವೇ ನೋಡಿ.

ಬಣ್ಣ ಪೂರ್ತಿ ಹೋಗಿದ್ದರೆ ಬೇರೆ ಮಾತು. ಪ್ರೈಮರ್ ಹಾಕಿ, ಬ್ರಶ್ಶಿನಲ್ಲೇ ಎನಾಮಲ್ ಬಳಿಯಿರಿ. ಗಾಲಿಯ ಒಳಗೋ ಹೆಸರಿನ ಪಟ್ಟಿಯ ಹಿಂದೆಯೋ ಮೂಲ ಬಣ್ಣ ಅಡಗಿರುತ್ತದೆ, ಅದಕ್ಕೆ ಹೊಂದಿಸಿ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಹಳೇ ಪೇಂಟಿನಲ್ಲಿ ಸೀಸ ಇರುತ್ತದೆ. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಒಳ್ಳೇ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಬ್ಲೇಡಿಗೆ ಮನೆಯಲ್ಲೇ ಸಾಣೆ ಹಿಡಿಯಬಹುದಾ?

ಹಿಡಿಯಬಹುದು, ಆದರೆ ಅರ ಹಿಡಿದು ಬ್ಲೇಡನ್ನು ಚಾಕು ಮಾಡೋಕೆ ಹೋಗಬೇಡಿ. ಸಿಲಿಂಡರ್ ಮೋವರ್ ಕತ್ತರಿ ಇದ್ದ ಹಾಗೆ. ತಿರುಗುವ ಸುರುಳಿ ಬ್ಲೇಡ್ ಒಂದು ಅಲಗು, ಕೆಳಗೆ ಅಲುಗಾಡದೆ ಕೂತ ಚಪ್ಪಟೆ ಬ್ಲೇಡ್ ಇನ್ನೊಂದು. ಎರಡೂ ಎಷ್ಟೇ ಹರಿತ ಇದ್ದರೂ ನಡುವೆ ಸಂದು ಬಿಟ್ಟರೆ ಹುಲ್ಲು ಮಡಚಿಕೊಂಡು ಆಚೆ ಹೋಗುತ್ತದೆ. ಎಷ್ಟೋ ಮೋವರ್‌ಗಳಿಗೆ ಸಾಣೆಯೇ ಬೇಕಿರೋದಿಲ್ಲ, ಅಡ್ಜಸ್ಟ್ ಮಾಡಿದರೆ ಸಾಕು.

ಮೊದಲು ಬೇರಿಂಗ್ ನೋಡಿ. ಸಿಲಿಂಡರನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಅಂದರೆ ಅದನ್ನು ಸರಿ ಮಾಡದೆ ಮುಂದಿನದು ಮಾಡಿ ಪ್ರಯೋಜನವಿಲ್ಲ. ಕೆಲವು ಮೋವರ್‌ಗಳಲ್ಲಿ ಬಿಡಿ ಬಾಲ್ಸ್ ಇರುತ್ತವೆ, ಸೈಕಲ್ ಅಂಗಡಿಯವನೇ ಕೊಟ್ಟಾನು. ಆಮೇಲೆ ಎರಡು ತುದಿಯಲ್ಲೂ ಇರುವ ಸ್ಕ್ರೂಗಳನ್ನು ನೋಡಿ. ಕೆಲವದರಲ್ಲಿ ಇವು ಸಿಲಿಂಡರನ್ನು ಕೆಳಗಿಳಿಸುತ್ತವೆ, ಕೆಲವದರಲ್ಲಿ ಕೆಳಗಿನ ಬ್ಲೇಡನ್ನು ಮೇಲೆತ್ತುತ್ತವೆ. ಎಡಗಡೆ ಚೂರು, ಬಲಗಡೆ ಚೂರು, ಹೀಗೆ ಸಮವಾಗಿ ತಿರುಗಿಸುತ್ತ ಹೋಗಿ. ಸಿಲಿಂಡರ್ ತಿರುಗಿಸಿದಾಗ ಸಣ್ಣಗೆ "ಸ್ಸ್" ಅಂತ ಸವರಿಕೊಂಡು ಹೋಗುವ ಸದ್ದು ಬರಬೇಕು. ಕರಕರ ಅಂದರೆ ಜಾಸ್ತಿ ಆಯಿತು.

ಈಗ ಕಾಗದದ ಪರೀಕ್ಷೆ. ನ್ಯೂಸ್‌ಪೇಪರಿನ ಸಣ್ಣ ಪಟ್ಟಿಯನ್ನು ಕೆಳಗಿನ ಬ್ಲೇಡ್ ಮೇಲಿಟ್ಟು ಸಿಲಿಂಡರನ್ನು ನಿಧಾನವಾಗಿ ತಿರುಗಿಸಿ. ಎಡ, ನಡು, ಬಲ, ಪ್ರತಿಯೊಂದು ಬ್ಲೇಡಿಗೂ. ಎಲ್ಲ ಕಡೆ ಕಚಕ್ ಅಂತ ನೀಟಾಗಿ ಕತ್ತರಿಸಿದರೆ ಕೆಲಸ ಮುಗಿಯಿತು. ಬೆರಳು ದೂರ ಇಡಿ, ಸಿಲಿಂಡರ್ ಕೈಯಲ್ಲಿ ತಿರುಗಿಸಿದರೂ ಬೆರಳು ಹೋಗುತ್ತದೆ, ತಮಾಷೆ ಅಲ್ಲ.

ಅಲ್ಲಲ್ಲಿ ಕಾಗದ ಹರಿದರೆ ಮಾತ್ರ ಪೇಸ್ಟ್. ಕಾರಿನ ವಾಲ್ವಿಗೆ ಹಚ್ಚುವ ಗ್ರೈಂಡಿಂಗ್ ಪೇಸ್ಟೇ ಸಾಕು. ಬ್ಲೇಡುಗಳ ಅಂಚಿಗೆ ಹಚ್ಚಿ ಸಿಲಿಂಡರನ್ನು ಹಿಂದುಮುಂದಾಗಿ, ಅಂದರೆ ಕತ್ತರಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಬೇಕು. ಸಿಲಿಂಡರಿನ ತುದಿಗೆ ಹಿಡಿ ಸಿಕ್ಕಿಸಿ ಕೈಯಲ್ಲೇ ಮಾಡಬಹುದು, ಡ್ರಿಲ್ ಹಾಕಿದರೆ ತುಂಬ ನಿಧಾನಕ್ಕೆ. ಎರಡು ಅಂಚೂ ಒಂದನ್ನೊಂದು ತಿಂದು ಹೊಂದಿಕೊಳ್ಳುತ್ತವೆ. ಅಂಚಿನುದ್ದಕ್ಕೂ ಮಂಕಾದ ಬೂದು ಪಟ್ಟಿ ಒಂದೇ ಸಮ ಕಾಣಿಸುವವರೆಗೂ ಮಾಡಿ. ಆಮೇಲೆ ಸೀಮೆಎಣ್ಣೆಯಿಂದ ಪೇಸ್ಟನ್ನು ಒಂದು ಕಣವೂ ಉಳಿಯದಂತೆ ತೊಳೆಯಬೇಕು. ಬೇರಿಂಗಿಗೆ ಹೋದರೆ ಅದನ್ನೂ ತಿನ್ನುತ್ತದೆ. ತೊಳೆದು, ಮತ್ತೆ ಅಡ್ಜಸ್ಟ್, ಮತ್ತೆ ಕಾಗದ.

ಸಿಲಿಂಡರ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸವೆದಿದ್ದರೆ ಪೇಸ್ಟಿನಿಂದ ಆಗೋದಿಲ್ಲ. ಮೋವರ್ ರಿಪೇರಿ ಅಂಗಡಿಯಲ್ಲಿ ಮಷೀನಿಗೆ ಕಟ್ಟಿ ಗ್ರೈಂಡ್ ಮಾಡಿಸಿ. ಅಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಪೇಂಟಿಗೆ ಇಟ್ಟುಕೊಂಡಿದ್ದ ದುಡ್ಡನ್ನು ಇಲ್ಲಿ ಹಾಕಿ.

ಮರದ ಹಿಡಿ, ಮರದ ರೋಲರ್?

ಹಳೇ ವಾರ್ನಿಶ್ ಕೆರೆದು ಕಾಯಿಸಿದ ಅಗಸೆ ಎಣ್ಣೆ (ಬಾಯ್ಲ್ಡ್ ಲಿನ್ಸೀಡ್ ಆಯಿಲ್) ತೆಳುವಾಗಿ ಎರಡು ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿ ಬಿಸಾಡಿ.

ಇಂಜಿನ್ ಇರೋದು ತಗೊಂಡಿದ್ದೇನೆ. ಸ್ಟಾರ್ಟ್ ಆಗ್ತಾ ಇಲ್ಲ.

ಟ್ಯಾಂಕಿನಲ್ಲಿರೋ ಹಳೇ ಪೆಟ್ರೋಲನ್ನು ಮೊದಲು ಖಾಲಿ ಮಾಡಿ. ಅದು ಗೋಂದಾಗಿ ಕಾರ್ಬುರೇಟರಿನ ಸಣ್ಣ ತೂತು ಮುಚ್ಚಿರುತ್ತದೆ. ಆಮೇಲೆ ಪ್ಲಗ್ ಬಿಚ್ಚಿ ಸ್ಪಾರ್ಕ್ ನೋಡಿ. ಇಲ್ಲದಿದ್ದರೆ ಮ್ಯಾಗ್ನೆಟೊ (ಸ್ಪಾರ್ಕಿಗೆ ಕರೆಂಟ್ ಹುಟ್ಟಿಸುವ ಭಾಗ) ಒಳಗಿನ ಪಾಯಿಂಟ್ ಮೇಲೆ ಕಿಲುಬು ಕೂತಿರುತ್ತದೆ, ನುಣುಪಾದ ಎಮರಿಯಿಂದ ಉಜ್ಜಿ, ಕಾಗದದಲ್ಲಿ ಒರೆಸಿ. ಹಳೇ ಇಂಜಿನ್ನುಗಳಲ್ಲಿ ಅರ್ಧ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ತಿಳಿದುಕೊಳ್ಳಿ. ವುಲ್ವರ್‌ಹ್ಯಾಂಪ್ಟನ್‌ನ ವಿಲಿಯರ್ಸ್ ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಳೇ ಲೆಕ್ಕ ಗ್ಯಾಲನ್ನಿಗೆ ಅರ್ಧ ಪಿಂಟ್, ಅಂದರೆ 16ಕ್ಕೆ 1, ಐದು ಲೀಟರಿಗೆ ಸುಮಾರು 310 ಮಿಲಿ. ಈಗಿನ ಎಣ್ಣೆ ಚೆನ್ನಾಗಿರೋದರಿಂದ 25ಕ್ಕೆ 1 ಹಾಕುವವರೂ ಇದ್ದಾರೆ. ಸಫೋಕ್ ಪಂಚ್ ಥರದ ಫೋರ್ ಸ್ಟ್ರೋಕಿಗೆ ಬರೀ ಪೆಟ್ರೋಲ್. ಆದರೆ ಕೆಳಗಿನ ಸಂಪಿನಲ್ಲಿ ಎಣ್ಣೆ ಇದೆಯಾ ನೋಡದೆ ಹಗ್ಗ ಎಳೆಯಲೇಬೇಡಿ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಇ10, ಅಂದರೆ 10 ಶೇಕಡಾ ತನಕ ಎಥನಾಲ್. ಹಳೇ ರಬ್ಬರು, ಕಾರ್ಕು ಇದನ್ನು ತಡೆಯೋದಿಲ್ಲ. ಸೂಪರ್ ದರ್ಜೆಯ ಇ5 ಹಾಕಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಭಾರತದಲ್ಲಿ ಇ20 ಬಂದಿರೋದರಿಂದ ಅಲ್ಲಿನವರು ಇನ್ನೂ ಹುಷಾರಾಗಿರಬೇಕು. ಹಳೇ ಗ್ಯಾಸ್ಕೆಟ್, ಕ್ಲಚ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಣಗಿದ್ದಾಗ ಕೆರೆಯಬೇಡಿ.

ಹಳೇ ಕರೆಂಟ್ ಮೋವರ್? ಗೋಡೆಯ ಸಾಕೆಟ್ಟಿಗೆ ಹಾಕಬೇಡಿ. ಎಲೆಕ್ಟ್ರಿಷಿಯನ್ ನೋಡಿ ಸರಿ ಅನ್ನೋ ತನಕ ಅದು ಪ್ರದರ್ಶನದ ವಸ್ತು.

ಲಾನ್ ಮೇಲೆ ಪಟ್ಟೆ ಹೇಗೆ ಬರುತ್ತದೆ?

ರೋಲರ್ ಹುಲ್ಲನ್ನು ಒಂದು ಕಡೆಗೆ ಬಾಗಿಸುತ್ತದೆ. ನಿಮ್ಮಿಂದ ಆಚೆಗೆ ಬಾಗಿದ್ದು ತಿಳಿಯಾಗಿ, ನಿಮ್ಮ ಕಡೆಗೆ ಬಾಗಿದ್ದು ಗಾಢವಾಗಿ ಕಾಣುತ್ತದೆ. ಬೆಳಕಿನ ಆಟ ಅಷ್ಟೇ. ಇನ್ನೊಂದು ತುದಿಗೆ ಹೋಗಿ ನೋಡಿದರೆ ತಿರುಗಾಮುರುಗಾ.

ಊರಲ್ಲಿ ಇಂಥವು ಸಿಗುತ್ತವಾ? ಬೆಂಗಳೂರಿನ ಲಾನಿಗೆ ಆಗುತ್ತಾ?

ಹುಡುಕಬೇಕು. ಹಳೇ ಕ್ಲಬ್ಬು, ಕಾಫಿ ಎಸ್ಟೇಟಿನ ಬಂಗಲೆ, ಕಂಟೋನ್ಮೆಂಟ್ ಕಡೆಯ ಹಳೇ ಮನೆಗಳ ಔಟ್‌ಹೌಸ್, ಇಂಥಲ್ಲಿ ವಿಚಾರಿಸಿ. ಗುಜರಿಯವನಿಗೂ ಒಂದು ಮಾತು ಹೇಳಿಟ್ಟಿರಿ. ಅವನು ತೂಕಕ್ಕೆ ತಗೊಂಡಿರುತ್ತಾನೆ, ನಿಮಗೂ ತೂಕಕ್ಕೇ ಕೊಟ್ಟಾನು. ಬೇರಿಂಗು, ಬೋಲ್ಟು, ಚೈನಿಗೆ ಎಸ್‌ಪಿ ರೋಡ್ ಇದ್ದೇ ಇದೆ. ವಿಟ್‌ವರ್ಥ್ ಸ್ಪ್ಯಾನರ್ ಬೇಕಾದರೆ ಹಳೇ ಬುಲೆಟ್ ರಿಪೇರಿ ಮಾಡುವ ಮೆಕ್ಯಾನಿಕ್‌ಗಳನ್ನು ಕೇಳಿ ನೋಡಿ. ಇಂಗ್ಲೆಂಡಿನಿಂದ ಹೊತ್ತುಕೊಂಡು ಹೋಗೋದು ನನಗಂತೂ ಬುದ್ಧಿವಂತಿಕೆ ಅನ್ನಿಸೋದಿಲ್ಲ. ಬೀಡಿನ ತೂಕಕ್ಕೆ ಕೊಡುವ ಸಾಗಣೆ ದುಡ್ಡಲ್ಲಿ ಇನ್ನೂ ನಾಲ್ಕು ಮೋವರ್ ಬರುತ್ತವೆ.

ಹುಲ್ಲಿನ ಮಾತು. ಗರಿಕೆ ಜಾತಿಯ ಹುಲ್ಲಿಗೆ ಸಿಲಿಂಡರ್ ಮೋವರ್ ಚೆನ್ನಾಗಿ ಹೊಂದುತ್ತದೆ. ಆದರೆ ಮಳೆಗಾಲದಲ್ಲಿ ಎರಡು ವಾರ ಬಿಟ್ಟರೆ ಮುಗಿಯಿತು, ಮೊಳಕಾಲೆತ್ತರ ಬೆಳೆದ ಹುಲ್ಲನ್ನು ಕೈ ಮೋವರ್ ಕತ್ತರಿಸೋದಿಲ್ಲ, ತುಳಿದುಕೊಂಡು ಹೋಗುತ್ತದೆ. ವಾರಕ್ಕೊಮ್ಮೆ, ಹುಲ್ಲು ಒಣಗಿದ್ದಾಗ, ಕಲ್ಲು ಕಡ್ಡಿ ಆರಿಸಿ. ಮಾವಿನ ಓಟೆ ಒಂದು ಸಿಕ್ಕಿಕೊಂಡರೂ ಸಿಲಿಂಡರ್ ನಿಂತುಬಿಡುತ್ತದೆ.

ಮನೆಯವರು ಬೈತಾರೆ. ಎಷ್ಟು ಮೋವರ್ ಇದ್ದರೆ ಸಾಕು?

ಇದಕ್ಕೆ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ. ನಮ್ಮ ಮನೆಯ ಕಾನೂನು, ಹೊಸದೊಂದು ಒಳಗೆ ಬರಬೇಕಾದರೆ ಹಳೇದೊಂದು ಆಚೆ ಹೋಗಬೇಕು. ಕೈ ಮೋವರಿನ ಹಿಡಿ ಬಿಚ್ಚಿದರೆ ಅರ್ಧ ಜಾಗ ಉಳಿಯುತ್ತದೆ ಅನ್ನೋದು ಮಾತ್ರ ಈ ಕಾನೂನಿನಲ್ಲಿ ಇನ್ನೂ ಸೇರಿಲ್ಲ.

ಚಳಿಗಾಲದಲ್ಲಿ ಹೇಗೆ ಇಡಬೇಕು?

ಹುಲ್ಲು, ಮಣ್ಣು ಪೂರ್ತಿ ತೆಗೆದು ಒಣಗಿಸಿ. ಒದ್ದೆ ಹುಲ್ಲು ಅಂಟಿಕೊಂಡ ಕಡೆಯೇ ತುಕ್ಕು ಮೊದಲು ಹಿಡಿಯೋದು. ಬ್ಲೇಡಿಗೆ ಎಣ್ಣೆ ಸವರಿ, ಸಿಲಿಂಡರನ್ನು ಕೆಳಗಿನ ಬ್ಲೇಡಿನಿಂದ ಚೂರು ಸಡಿಲ ಮಾಡಿಡಿ. ಸಿಮೆಂಟ್ ನೆಲದ ಮೇಲೆ ನೇರವಾಗಿ ಬೇಡ, ಹಲಗೆ ಹಾಕಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ಹಳೇ ಬೆಡ್‌ಶೀಟ್ ಸಾಕು. ಕ್ಯಾನ್ವಾಸಿನ ಬುಟ್ಟಿ ಇದ್ದರೆ ಮೇಲೆ ತೂಗುಹಾಕಿ, ಕೆಳಗಿಟ್ಟರೆ ಮಾರ್ಚ್ ಹೊತ್ತಿಗೆ ಇಲಿ ಸಂಸಾರ ಹೂಡಿರುತ್ತದೆ.